ಹೋರಿಯ ತಾಯಿ

ಪ್ರೀತಿಯಿಂದ ಎತ್ತಿಕೊಂಡರೂ ಮುನಿರಾಜುವಿನ ಮೈಮೇಲೆ ಗುರುತು ಮೂಡುತ್ತಿತ್ತು. ಅಜ್ಜಿ ಕಂಕುಳಿಗೆ ಕೈಕೊಟ್ಟು ಎತ್ತಿದರೆ ಸಂಜೆಯ ಹೊತ್ತಿಗೆ ಅಲ್ಲಿ ಬೆರಳುಗಳ ಅಚ್ಚು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ತೆವಳುವ ಕಾಲಕ್ಕೆ ಮಂಡಿ ಊದಿತು, ನಡೆಯುವ ಕಾಲಕ್ಕೆ ಹಣೆ ಊದಿತು. ಬೇತಮಂಗಲದ ಹತ್ತಿರದ ಆ ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ದೃಷ್ಟಿ ಅಂದರು, ಉಷ್ಣ ಅಂದರು, ಎದೆಹಾಲು ಬೇಗ ಬಿಡಿಸಿದ್ದಕ್ಕೆ ಅಂದರು. ಊರಬಾಯಿಗೆ ಬೀಗ ಹಾಕುವವರು ಯಾರು?

ಮಗುವಿನ ತಾಯಿ ವೆಂಕಟರತ್ನಮ್ಮ ಮಾತ್ರ ಏನೂ ಹೇಳಲಿಲ್ಲ. ಅವಳಿಗೆ ಆ ಬಣ್ಣದ ಪರಿಚಯವಿತ್ತು. ಬಂಗಾರಪೇಟೆ ಪಕ್ಕದ ತವರಿನಲ್ಲಿ ಅವಳ ಬೆನ್ನಿಗೆ ಹುಟ್ಟಿದ ತಮ್ಮ ಆಂಜಿನಪ್ಪನ ಮೈಮೇಲೂ ಅದೇ ಬಣ್ಣ ಬಂದು ಹೋಗುತ್ತಿತ್ತು. ಮೀಸೆ ಮೂಡುವ ವಯಸ್ಸಿನಲ್ಲಿ ಹುಳುಕು ಹಲ್ಲು ಕೀಳಿಸಿಕೊಂಡು ಮನೆಗೆ ಬಂದವನ ಬಾಯಲ್ಲಿ ರಕ್ತ ನಿಲ್ಲಲೇ ಇಲ್ಲ. ತಾಯಿ ಮುನಿನಾರಾಯಣಮ್ಮ ಅರಿಶಿನ ಒತ್ತಿದಳು, ಕಾಫಿಪುಡಿ ಒತ್ತಿದಳು, ಮುನೇಶ್ವರನ ಗುಡಿಯ ಬೂದಿ ಒತ್ತಿದಳು. ವಾರ ತುಂಬುವ ಮೊದಲೇ ಹುಡುಗ ಹೋದ. ಮುನಿನಾರಾಯಣಮ್ಮನ ಅಣ್ಣನೂ ಹರೆಯದಲ್ಲೇ ರಾಗಿ ಕೊಯ್ಯುವಾಗ ಕುಡುಗೋಲು ತಾಗಿ ಹೀಗೆಯೇ ಹೋಗಿದ್ದ. ಆ ಮನೆಯ ಗಂಡುಮಕ್ಕಳ ಮೇಲೆ ಮುನೇಶ್ವರನಿಗೆ ಕಣ್ಣು ಎಂದು ತವರಿನವರು ಮಾತು ಮುಗಿಸಿಬಿಟ್ಟಿದ್ದರು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಮುನಿರಾಜು ಹೊಸಿಲು ಎಡವಿ ಬಿದ್ದು ತುಟಿ ಕಚ್ಚಿಕೊಂಡ. ಅಂಥ ಗಾಯಕ್ಕೆ ಬೇರೆ ಮನೆಗಳಲ್ಲಿ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿ ಮರೆತುಬಿಡುತ್ತಾರೆ. ಇಲ್ಲಿ ರಕ್ತ ಮರುದಿನವೂ ಜಿನುಗುತ್ತಲೇ ಇತ್ತು. ಗಂಡ ಕೋದಂಡಪ್ಪ ಕಾರ್ಖಾನೆಗೆ ರಜೆ ಹಾಕಿದ. ಕೆಜಿಎಫ್‌ನ ಡಾಕ್ಟರು ನೋಡಿ, ಇದು ನಮ್ಮ ಕೈಲಾಗುವುದಲ್ಲ, ತಡಮಾಡದೆ ಬೆಂಗಳೂರಿಗೆ ಹೋಗಿ ಎಂದರು. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಮಗುವಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಹೋದರು.

ಅಲ್ಲಿಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ ವಿಷಯ ಹೇಳುವಾಗ ಕೋದಂಡಪ್ಪ ಹತ್ತಿರ ಇರಲಿಲ್ಲ. ಮಗುವಿಗೆ ಬೇಕಾಗಬಹುದೆಂದು ರಕ್ತ ಕೊಡಲು ಬೇರೆ ಕಟ್ಟಡಕ್ಕೆ ಹೋಗಿದ್ದ. ಆ ಒಂದು ಗಳಿಗೆಯೇ ವೆಂಕಟರತ್ನಮ್ಮನ ಬಾಳಿಗೆ ಅಡಕತ್ತರಿಯಾಯಿತು. ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಒಂದು ಅಂಶ ಈ ಮಗುವಿನಲ್ಲಿ ಇಲ್ಲ, ಇದಕ್ಕೆ ಹಿಮೋಫಿಲಿಯಾ ಅನ್ನುತ್ತಾರೆ ಎಂದರು ಡಾಕ್ಟರಮ್ಮ. ನಿನ್ನ ಅಣ್ಣತಮ್ಮಂದಿರು ಹೇಗಿದ್ದಾರೆ ಎಂದು ಕೇಳಿದರು. ವೆಂಕಟರತ್ನಮ್ಮ ತಮ್ಮನ ಹಲ್ಲಿನ ಕಥೆ ಹೇಳುತ್ತಿದ್ದಂತೆ ಅವರ ಮುಖವೇ ಉತ್ತರ ಕೊಟ್ಟಿತು. ಇದು ತಾಯಿಯ ಕಡೆಯಿಂದ ಬಂದಿದೆ, ತಾಯಿಗೆ ಏನೂ ಆಗಿರುವುದಿಲ್ಲ, ಅವಳ ಗಂಡುಮಕ್ಕಳಲ್ಲಿ ಕಾಣಿಸಬಹುದು. ಹೆಣ್ಣುಮಕ್ಕಳೂ ಅವಳ ಹಾಗೆಯೇ ಹೊರಗೆ ಕಾಣದಂತೆ ಹೊತ್ತುಕೊಂಡಿರಬಹುದು. ಮನೆಯಲ್ಲಿ ಒಬ್ಬಳು ಮಗಳಿದ್ದಾಳೆ ಎಂದು ಇವಳು ಹೇಳಿದ್ದಕ್ಕೆ, ಇರಬಹುದು, ಇಲ್ಲದೆಯೂ ಇರಬಹುದು, ಈಗಲೇ ಹೇಳಲಾಗದು ಎಂದರು. ಪೂರ್ತಿ ವಾಸಿಮಾಡುವ ಔಷಧ ಇಲ್ಲ. ರಕ್ತ ಸುರಿದಾಗ ಬಂದರೆ ಪ್ಲಾಸ್ಮಾ ಕೊಟ್ಟು ನಿಲ್ಲಿಸುತ್ತೇವೆ. ಹಲ್ಲು ಕೀಳಿಸಬಾರದು, ಕಿವಿ ಚುಚ್ಚಿಸಬಾರದು, ಕಂಡಕಂಡಲ್ಲಿ ಇಂಜೆಕ್ಷನ್ ಹಾಕಿಸಬಾರದು.

"ಇದು ನಿನ್ನ ತಪ್ಪಲ್ಲ. ಯಾರ ತಪ್ಪೂ ಅಲ್ಲ. ತಿಳೀತಾ?" ಎಂದರು ಕೊನೆಗೆ.

ತಿಳಿಯಿತು. ಆದರೆ ಆ ಮಾತನ್ನು ಅತ್ತೆಮನೆಯವರಿಗೆ ತಿಳಿಸಲು ಡಾಕ್ಟರಮ್ಮ ಅವಳ ಜೊತೆ ರೈಲು ಹತ್ತಿ ಬರುತ್ತಾರೆಯೇ? ಗಂಡ ತೋಳಿಗೆ ಹತ್ತಿ ಒತ್ತಿಕೊಂಡು ಬಂದು, ಏನಂದರು ಎಂದು ಕೇಳಿದ. ಮಗುವಿಗೆ ಗಾಯ ಆಗದಂತೆ ನೋಡಿಕೊಳ್ಳಬೇಕಂತೆ ಎಂದಷ್ಟೇ ಹೇಳಿದಳು. ಉಳಿದ ಅರ್ಧವನ್ನು ಬಿಸಿತುಪ್ಪದಂತೆ ಬಾಯಲ್ಲೇ ಇಟ್ಟುಕೊಂಡು ಊರಿಗೆ ಬಂದಳು.

ಅರ್ಧ ನಿಜ ಹೇಳಿದ ಮನೆಗೆ ಇಡೀ ಸುಳ್ಳು ನುಗ್ಗಲು ಬಹಳ ಹೊತ್ತು ಬೇಡ. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ಹಿಂದೆ ಪಂಡಿತ ಸುಬ್ಬರಾಯಪ್ಪ ಎಂಬವನು ವಂಶಶುದ್ಧಿ ಚಿಕಿತ್ಸೆ ಮಾಡುತ್ತಾನೆ ಎಂದು ಕೋದಂಡಪ್ಪನಿಗೆ ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನೀರು ಕುಡಿದಂತೆ ಮಾತಾಡುವ ಮನುಷ್ಯ. ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದ್ದ. ಹುರಿ ಹಾಕಿದ ಏಣಿಯ ಹಾಗಿತ್ತು. ಇದು ಜೀನು, ವಂಶದ ಬೀಗದಕೈ, ಅಮೆರಿಕದವರು ಈಗ ಕಂಡುಹಿಡಿದು ಕುಣಿಯುತ್ತಿದ್ದಾರೆ, ನಮ್ಮ ಹಿರಿಯರು ಅರಳಿಕಟ್ಟೆಯ ನಾಗರಕಲ್ಲಿನ ಮೇಲೆ ಯಾವತ್ತೋ ಕೆತ್ತಿಟ್ಟಿದ್ದಾರೆ, ನೋಡಿಲ್ಲವೇ ಹೆಣೆದುಕೊಂಡ ಎರಡು ಸರ್ಪ ಎಂದು ವಿವರಿಸಿದ. ಜೊತೆಗೆ ಬಂದಿದ್ದ ಅತ್ತೆ ಗಂಗರತ್ನಮ್ಮ ಚಿತ್ರಕ್ಕೆ ಕೈಮುಗಿದಳು.

ಆಮೇಲೆ ಅವನು ಹೇಳಿದ್ದು ರೈತರ ಮನೆಯವರು ತಲೆದೂಗಲೇಬೇಕಾದ ಮಾತು. ಹೆಣ್ಣು ಹೊಲ, ಗಂಡು ಬೀಜ. ರಾಗಿ ಬಿತ್ತಿದರೆ ರಾಗಿ, ಹುರುಳಿ ಬಿತ್ತಿದರೆ ಹುರುಳಿ. ಹೊಲ ಯಾರದಾದರೇನು, ಬೆಳೆ ಬೀಜದಂತೆಯೇ. ಆದ್ದರಿಂದ ಮಗುವಿನ ಜೀನು ಅಪ್ಪನದು. ಕೋದಂಡಪ್ಪ ವೆಲ್ಡಿಂಗ್ ಕೆಲಸದವನು, ಆ ಬೆಂಕಿಯ ಝಳಕ್ಕೆ ಬೀಜ ಸೀದಿದೆ, ಪಾಪ, ದುಡಿಯುವ ಗಂಡಸು, ಅವನದೇನು ತಪ್ಪು? ಅಪ್ಪ ಒಂದು ಮಂಡಲ ಲೇಹ್ಯ ತಿನ್ನಬೇಕು. ಆಮೇಲೆ ಮುನೇಶ್ವರನ ಸನ್ನಿಧಿಯಲ್ಲಿ ಮಗುವಿನ ಕಿವಿ ಚುಚ್ಚಿಸಬೇಕು. ವಂಶದ ನಾಡಿ ಇರುವುದು ಕಿವಿಯ ಹಾಲೆಯಲ್ಲಿ, ಕೆಟ್ಟ ರಕ್ತ ಅಲ್ಲಿಂದ ಇಳಿದುಹೋಗಿ ಅಲ್ಲಿಗೆ ನಿಲ್ಲುತ್ತದೆ. ಎಲ್ಲರ ಎದುರು ನಿಲ್ಲಿಸಿ ತೋರಿಸುತ್ತೇನೆ ಎಂದ.

ಹೊಲದ ಮಾತು ಬಂದಾಗ ವೆಂಕಟರತ್ನಮ್ಮನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು. ಅದನ್ನು ಮುಚ್ಚಿಡುವುದು ಬೇಡ. ಆಸ್ಪತ್ರೆಯಿಂದ ಹೊತ್ತು ತಂದಿದ್ದ ಕಲ್ಲನ್ನು ಯಾರೋ ಎದೆಯಿಂದ ಇಳಿಸಿದಂತಾಯಿತು ಅವಳಿಗೆ. ಕಿವಿಯ ಮಾತು ಬರುತ್ತಲೇ ಅದೇ ಕಲ್ಲು ಮತ್ತೆ ಬಂದು ಕೂತಿತು.

ಕೋದಂಡಪ್ಪ ಲೇಹ್ಯ ತಿಂದ. ತಿಂದು ವಾಂತಿ ಮಾಡಿದ, ಮತ್ತೆ ತಿಂದ. ಮೈ ಇಳಿದು ಅಂಗಿ ಜೋಲಾಡುವಂತಾಯಿತು. ನನ್ನಿಂದಲೇ ನನ್ನ ಮಗನಿಗೆ ಹೀಗಾಯಿತಲ್ಲ ಎಂದು ಹಟ್ಟಿಯಲ್ಲಿ ದನಗಳ ನಡುವೆ ಕೂತು ಅಳುತ್ತಿದ್ದ. ಹೆಂಡತಿ ನೋಡುತ್ತಿದ್ದಳು. ಆ ದಿನಗಳಲ್ಲಿ ಮುನಿರಾಜುವಿಗೆ ಏನೂ ಆಗಲಿಲ್ಲ. ಮಂಡಿ ಇಳಿಯಿತು, ಹೊಸ ಕಲೆಯೂ ಮೂಡಲಿಲ್ಲ. ಈ ಕಾಯಿಲೆ ಹೀಗೆಯೇ ಬಂದು ಹೋಗಿ ಮಾಡುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಮನೆಯವರು ಕಾಗೆಗೆ ನಮಸ್ಕಾರ ಹಾಕಿದರು. ಗಂಗರತ್ನಮ್ಮ ಕಿವಿ ಚುಚ್ಚಿಸುವ ದಿನ ಗೊತ್ತುಮಾಡಿ ನೆಂಟರಿಗೆ ಹೇಳಿಕಳಿಸಿದಳು.

ವೆಂಕಟರತ್ನಮ್ಮ ಕೊನೆಯ ಪ್ರಯತ್ನವೆಂದು ಡೈರಿಗೆ ಹಾಲು ಹಾಕಿ, ಹಾಗೆಯೇ ಬಸ್ಸು ಹತ್ತಿ ಪಂಡಿತನ ಹತ್ತಿರ ಒಬ್ಬಳೇ ಹೋದಳು. ತಮ್ಮನ ವಿಷಯ ಹೇಳಿದಳು, ತಾಯಿಯ ಅಣ್ಣನ ವಿಷಯ ಹೇಳಿದಳು. ನಮ್ಮಪ್ಪ ವೆಲ್ಡಿಂಗ್ ಮಾಡಿದವನಲ್ಲ, ನಮ್ಮ ತಾತನೂ ಅಲ್ಲ, ಬೆಂಕಿ ಅಂದರೆ ಬೀಡಿ ಹಚ್ಚಿದ್ದಷ್ಟೇ, ಅವರ ಮಕ್ಕಳಿಗೆ ಯಾಕೆ ಬಂತು ಸ್ವಾಮಿ ಎಂದು ಕೇಳಿದಳು. ಕಿವಿ ಚುಚ್ಚುವುದನ್ನು ಮಾತ್ರ ನಿಲ್ಲಿಸಿ, ಬೇರೆ ಏನು ಮಾಡಿದರೂ ಒಪ್ಪುತ್ತೇನೆ ಎಂದು ಬೇಡಿಕೊಂಡಳು.

ಸುಬ್ಬರಾಯಪ್ಪ ಸಿಟ್ಟಾಗಲಿಲ್ಲ. ಅವನ ದನಿ ಇನ್ನೂ ಮೆತ್ತಗಾಯಿತು.

"ನೋಡಮ್ಮ, ಬೆಂಗಳೂರಿನವರು ನಿನಗೆ ಏನು ಹೇಳಿರ್ತಾರೆ ಅಂತ ನನಗೆ ಗೊತ್ತು. ತಾಯಿಯಿಂದ ಬಂತು ಅಂದಿರ್ತಾರೆ. ಅದನ್ನೇ ನಾನು ನಿನ್ನ ಅತ್ತೆಗೆ ಹೇಳಲಾ? ಹೇಳಿದರೆ ನಾಳೆ ನೀನು ಯಾವ ಮನೇಲಿರ್ತೀಯ, ಯೋಚನೆ ಮಾಡು. ನಾನು ಹೇಳ್ತಿರೋದು ನನಗೋಸ್ಕರ ಅಲ್ಲ ತಾಯಿ, ನಿನಗೋಸ್ಕರ."

ಅವಳು ಬಸ್ಸು ಹತ್ತಿ ವಾಪಸು ಹೊರಟಳು. ಇಷ್ಟು ದಿನ ಅವನು ತಿಳಿಯದವನು ಎಂದುಕೊಂಡಿದ್ದಳು. ತಿಳಿಯದವನಿಗೆ ತಿಳಿಸಬಹುದು. ತಿಳಿದೂ ಸುಳ್ಳು ಮಾರುವವನ ಅಂಗಡಿಗೆ ತಾನೇ ಬಾಯಿ ಮುಚ್ಚಿಕೊಂಡು ಕಾವಲು ನಿಂತಂತಾಯಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ಮನೆಗೆ ಬಂದು ಬಾಯಿಬಿಡಲಿಲ್ಲ. ಗಂಡನನ್ನು ಕರೆದು ಹೇಳೋಣವೆಂದು ಹತ್ತು ಸಲ ಹೊರಟಳು, ಹತ್ತು ಸಲ ಒಲೆಯ ಮುಂದೆ ಬಂದು ಕೂತಳು. ಹೇಳಿದರೆ ಗಂಡನ ಮನೆ ಹೋಗುತ್ತದೆ, ಹೇಳದಿದ್ದರೆ ಮಗ ಹೋಗುತ್ತಾನೆ. ಯೋಚನೆ ಮಾಡುವುದಕ್ಕೆ ಅದರಲ್ಲಿ ಏನಿತ್ತು ಎಂದು ನಾವು ಕೇಳಬಹುದು. ಗಂಡನ ಮನೆಯಿಂದ ಹೊರಬಿದ್ದು, ಕಾಯಿಲೆಯ ಮಗುವನ್ನು ಕಟ್ಟಿಕೊಂಡು, ವಿಧವೆ ತಾಯಿಯ ಗುಡಿಸಲಿನಲ್ಲಿ ಬದುಕಿ ನೋಡಿದವರು ಕೇಳಲಿಕ್ಕಿಲ್ಲ.

ಮುನೇಶ್ವರನ ಕಲ್ಲು ಇದ್ದದ್ದು ಕೆರೆಯ ಏರಿ ಕೆಳಗಿನ ಬೇವಿನಮರದ ಬುಡದಲ್ಲಿ. ಬೆಳಗಿನ ಬಿಸಿಲಲ್ಲಿ ಪೊಂಗಲಿಟ್ಟರು. ಕೋದಂಡಪ್ಪನ ಅಕ್ಕ ಶಾಂತಮ್ಮ ತನ್ನ ಒಬ್ಬನೇ ಮಗನನ್ನು ಕರೆದುಕೊಂಡು ಬಂದಿದ್ದಳು. ವೆಂಕಟರತ್ನಮ್ಮನ ಮಗಳು ಅಮರಾವತಿ ಆ ಹುಡುಗನಿಗೆ ಎಂದು ಅವಳು ಹುಟ್ಟಿದಾಗಲೇ ಮಾತಾಗಿತ್ತು. ಯುಗಾದಿಗೆ ಶಾಂತಮ್ಮ ತಂದು ತೊಡಿಸಿದ ಬೆಳ್ಳಿಗೆಜ್ಜೆ ಹಾಕಿಕೊಂಡು ಅಮರಾವತಿ ಮರದ ಸುತ್ತ ಝಲ್ ಝಲ್ ಎನ್ನುತ್ತ ಓಡಾಡುತ್ತಿದ್ದಳು. ಎರಡನೆಯ ಕ್ಲಾಸಿನ ಹುಡುಗಿ. ಗೆಜ್ಜೆ ಬಂದಾಗಿನಿಂದ ಅವಳು ನಡೆದದ್ದೇ ಇಲ್ಲ, ಬರೀ ಓಟ.

ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ಇಲ್ಲಿ ಮಾವನೇ ಇಲ್ಲ. ಅವನ ಬಟ್ಟೆಯನ್ನಾದರೂ ಹಾಸಿ ಅದರ ಮೇಲೆ ಕೂರಿಸೋಣ ಎಂದು ಗಂಗರತ್ನಮ್ಮನೇ ದಾರಿ ಹುಡುಕಿದ್ದಳು. ಬೀಗಿತ್ತಿ ಮುನಿನಾರಾಯಣಮ್ಮ ಟ್ರಂಕಿನಲ್ಲಿಟ್ಟಿದ್ದ ಮಗನ ಟವಲನ್ನು ತಂದಿದ್ದಳು. ಅದನ್ನು ಮಡಿಸಿ ಕೋದಂಡಪ್ಪನ ತೊಡೆಯ ಮೇಲೆ ಹಾಸಿ ಮಗುವನ್ನು ಕೂರಿಸಿದರು. ಚಿನ್ನದ ಕೆಲಸದ ಆಚಾರಿ ತಂತಿಯ ತುದಿಯನ್ನು ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದ. ಪಂಡಿತ ಮಂತ್ರದಂಥ ಏನನ್ನೋ ಹೇಳುತ್ತಿದ್ದ.

ವೆಂಕಟರತ್ನಮ್ಮ ಮಗನ ಕಾಲು ಹಿಡಿದುಕೊಳ್ಳಲು ಬಗ್ಗಿದಳು. ಟವಲಿನ ಅಂಚು ಕಣ್ಣಿಗೆ ಬಿತ್ತು. ಎಷ್ಟೋ ಸಲ ತೊಳೆದ ಬಟ್ಟೆ, ಬಿಳಿಚಿಕೊಂಡಿತ್ತು. ಅಂಚಿನಲ್ಲಿ ಮಾತ್ರ ಅಂಗೈಯಗಲದ ಕಂದು ಕಲೆ ಹಾಗೆಯೇ ಇತ್ತು. ತಮ್ಮ ಕೊನೆಯವರೆಗೂ ಬಾಯಿಗೆ ಒತ್ತಿಕೊಂಡಿದ್ದ ಟವಲು ಅದು. ಅದರ ಮೇಲೆ ಅವಳ ಮಗ ಕೂತು ಕಲ್ಲುಸಕ್ಕರೆ ಚೀಪುತ್ತಿದ್ದ.

ಆಚಾರಿ ಕಿವಿಯ ಹಾಲೆ ಹಿಡಿದ. ಅವಳು ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ ಆಚಾರ್ರೆ. ಅತ್ತಮ್ಮ, ಇದು ನಿಮ್ಮ ಮಗನಿಂದ ಬಂದಿದ್ದಲ್ಲ. ನನ್ನಿಂದ ಬಂದಿದ್ದು. ಡಾಕ್ಟ್ರಮ್ಮ ಅವತ್ತೇ ಏಳಿದ್ರು, ನಾನೇ ಮುಚ್ಚಿಟ್ಟೆ. ಈಗ ಚುಚ್ಚಿದ್ರೆ ಇವನೂ ನನ್ನ ತಮ್ಮನಂಗೆ ಓಗ್ತಾನೆ."

ತಾಯಿಕರುಳು, ಹೆದರಿದೆ, ಪಕ್ಕಕ್ಕೆ ಕರೆದುಕೊಂಡು ಹೋಗಿ ಎಂದು ಪಂಡಿತ ನಕ್ಕ. ಹೊಲಕ್ಕೂ ಬೀಜಕ್ಕೂ ವ್ಯತ್ಯಾಸ ತಿಳಿಯದ ಮಾತು ಎಂದ. ಗಂಗರತ್ನಮ್ಮ ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಪ್ರಶ್ನೆ ನ್ಯಾಯದ್ದೇ ಆಗಿತ್ತು.

"ನಿಂಗೇನು ಕಾಯ್ಲೆ ಐತೆ? ಎರಡು ಹೆತ್ರೂ ಗುಂಡುಕಲ್ಲಿನಂಗಿದ್ದೀಯ. ನಿನ್ನತ್ರ ಇಲ್ದೇ ಇರೋದು ಮಗೀಗೆ ಎಂಗೆ ಬತ್ತದೆ?"

ಡಾಕ್ಟರಮ್ಮ ಹೇಳಿದ್ದ ಇಂಗ್ಲಿಷ್ ಮಾತುಗಳೊಂದೂ ವೆಂಕಟರತ್ನಮ್ಮನ ನೆನಪಿಗೆ ಬರಲಿಲ್ಲ. ಬಂದಿದ್ದರೂ ಅವು ಆ ಮರದ ಕೆಳಗೆ ಯಾವ ಉಪಯೋಗಕ್ಕೆ? ಅವಳಿಗೆ ನೆನಪಾದದ್ದು ಮನೆಯ ಹಟ್ಟಿ. ಸೀಮೆಹಸು ಬೆದೆಗೆ ಬಂದಾಗ ಹೋರಿಯ ಬೀಜದ ಸೂಜಿ ಹಾಕಲು ಡೈರಿಯವನು ಬರುತ್ತಾನೆ. ಗಂಗರತ್ನಮ್ಮ ಅವನನ್ನು ಸುಮ್ಮನೆ ಒಳಗೆ ಬಿಟ್ಟವಳಲ್ಲ. ಯಾವ ಹೋರಿಯದಪ್ಪ, ಅದರ ತಾಯಿ ಎಷ್ಟು ಹಾಲು ಕರೀತಿತ್ತು ಎಂದು ವಕೀಲರ ಹಾಗೆ ಪ್ರಶ್ನೆ ಹಾಕಿ, ಉತ್ತರ ಮನಸ್ಸಿಗೆ ಬಂದರೆ ಮಾತ್ರ ಹಸು ಮುಟ್ಟಲು ಬಿಡುತ್ತಿದ್ದಳು. ಊರಿನವರೆಲ್ಲ ಈ ವಿಷಯಕ್ಕೆ ಅವಳನ್ನು ಗೇಲಿ ಮಾಡುತ್ತಿದ್ದರು. ಅವಳ ಹಟ್ಟಿಯಷ್ಟು ಹಾಲು ಊರಲ್ಲಿ ಬೇರೆ ಯಾರ ಹಟ್ಟಿಯಲ್ಲೂ ಆಗುತ್ತಿರಲಿಲ್ಲ.

"ಅತ್ತಮ್ಮ, ಡೈರಿಯವನು ಬಂದಾಗ ನೀವು ಓರಿ ತಾಯಿ ವಿಚಾರ ಯಾಕೆ ಕೇಳ್ತೀರಿ? ಓರಿ ಆಲು ಕೊಡ್ತದಾ?"

ಗಂಗರತ್ನಮ್ಮ ಹುಬ್ಬು ಗಂಟಿಕ್ಕಿ ಸೊಸೆಯ ಕಡೆ ಒಂದು ಹೆಜ್ಜೆ ಬಂದಳು.

"ಓರಿ ಆಲು ಕೊಡಲ್ಲ. ಆದ್ರೂ ಅದರ ತಾಯಿ ಆಲಿನ ಗುಣ ಅದರೊಳಗೆ ಕಾಣದಂಗೆ ಕೂತಿದ್ದು, ಅದಕ್ಕುಟ್ಟಿದ ಕಡಸಲ್ಲಿ ಈಚೆ ಬತ್ತದೆ. ನೀವೇ ನಂಗೆ ಏಳಿಕೊಟ್ಟಿದ್ದು. ನಾನೂ ಅಂಗೇ ಅತ್ತಮ್ಮ. ನಮ್ಮಮ್ಮನ ಅಣ್ಣ ಓದ, ನನ್ನ ತಮ್ಮ ಓದ. ನಂಗೇನೂ ಆಗಿಲ್ಲ, ನಾನು ಒತ್ಕೊಂಡು ನಿಮ್ಮನೆಗೆ ಬಂದೆ."

ಮನುಷ್ಯರ ವಿಚಾರದಲ್ಲಿ ದನದ ಮಾತೇಕೆ ಎಂದು ಪಂಡಿತ ಗದರಿದ. ಗಂಗರತ್ನಮ್ಮ ಅವನ ಕಡೆ ನಿಧಾನವಾಗಿ ತಿರುಗಿದಳು.

"ಇದುವರ್ಗೂ ನೀವು ರಾಗಿ ಮಾತಾಡ್ತಿದ್ರಲ್ಲ ಸ್ವಾಮಿ. ಮನುಷ್ಯರಿಗೆ ರಾಗಿ ಮಾತು ಆಯ್ತದೆ, ಅಸದ ಮಾತು ಆಗಲ್ವಾ?" ಎಂದಳು. ಮುನಿನಾರಾಯಣಮ್ಮನ ಮುಖ ನೋಡಿದಳು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೌದೆಂದು ತಲೆಯಾಡಿಸಿದಳು. "ಆಚಾರಿ, ತಂತಿ ಎತ್ತಿಡಪ್ಪ."

ಪಂಡಿತ ಏಳುವಾಗ ಬಾಯಿ ಬಿಡದೆ ಏಳಲಿಲ್ಲ. ಹಾಗಾದರೆ ದೋಷ ಈ ಹೆಣ್ಣಿನದು, ಇವಳನ್ನು ಮನೆಯಲ್ಲಿಟ್ಟುಕೊಂಡವರ ವಂಶ ಉದ್ಧಾರವಾಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಏರಿ ಹತ್ತಿ ಬಸ್ಸಿನ ರಸ್ತೆಗೆ ಹೋದ. ಅವನ ಸುಳ್ಳು ಆ ದಿನಕ್ಕೆ ಸತ್ತಿತು. ಬಾಲದ ಹೊಡೆತ ಮಾತ್ರ ಕೊಟ್ಟೇ ಸತ್ತಿತು.

ಕೋದಂಡಪ್ಪ ಇಷ್ಟು ಹೊತ್ತೂ ಅಲುಗಾಡದೆ ಕೂತಿದ್ದ. ಮಗುವನ್ನು ಬೆರಳು ತಾಗದಂತೆ, ಎರಡೂ ಮುಂಗೈಗಳ ಮೇಲೆ ಮಲಗಿಸಿಕೊಂಡು ಎದ್ದ. ಹಾಗೆ ಎತ್ತಿಕೊಳ್ಳುವುದನ್ನು ಅವನು ತಾನೇ ಅಭ್ಯಾಸ ಮಾಡಿಕೊಂಡಿದ್ದ. ಹೆಂಡತಿಯ ಮುಖ ನೋಡದೆ ಹೇಳಿದ.

"ನನ್ನಿಂದಾನೇ ಆಯ್ತು ಅಂತ ನಾನು ಅಳ್ತಾ ಇದ್ದೆ. ನೀನು ನೋಡ್ತಾ ಇದ್ದೆ."

ಅವನು ಮಗನನ್ನು ಎತ್ತಿಕೊಂಡು ಊರ ಕಡೆ ನಡೆದ. ಮನೆಗೆ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮಗ ಉಳಿದ, ಅಷ್ಟು ಸಾಕು, ಅಷ್ಟು ಸಾಕು ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತ ನಿಂತಳು.

ಆಗ ಶಾಂತಮ್ಮ, ಪೊಂಗಲಿನ ಪಾತ್ರೆ ಕೆಳಗಿಟ್ಟು, ಅಮರಾವತಿಯನ್ನು ಹತ್ತಿರ ಕರೆದಳು. ಹುಡುಗಿ ಝಲ್ ಝಲ್ ಎಂದು ಓಡಿಬಂದಳು. ಶಾಂತಮ್ಮ ಅವಳನ್ನು ಬಹಳ ಹೊತ್ತು ನೋಡಿದಳು. ಆ ನೋಟವನ್ನು ವೆಂಕಟರತ್ನಮ್ಮ ಕಂಡಳು. ಮಗನ ಕಿವಿಯೊಂದನ್ನೇ ಕಣ್ಣಮುಂದೆ ಇಟ್ಟುಕೊಂಡು ಮಾತಾಡಿದವಳಿಗೆ, ಆ ಮಾತು ಎಲ್ಲಿಯವರೆಗೆ ಹೋಗುತ್ತದೆಂದು ಆಗಲೇ ಹೊಳೆದದ್ದು. ಶಾಂತಮ್ಮ ಕುಕ್ಕರಗಾಲಲ್ಲಿ ಕೂತು ಹುಡುಗಿಯ ಗೆಜ್ಜೆಯ ತಿರುಪಿಗೆ ಕೈಹಾಕಿದಳು. ಅಮರಾವತಿ, ಸರಿಮಾಡುತ್ತಾರೆಂದು ತಿಳಿದು, ಕಾಲನ್ನು ತಾನೇ ಮುಂದೆ ಚಾಚಿ ಅತ್ತೆಯ ಭುಜ ಹಿಡಿದುಕೊಂಡಳು.

"ಅತ್ತಿಗೆ, ಇವಳಿಗೆ ಇರ್ಬೋದು, ಇಲ್ದೇನೂ ಇರ್ಬೋದು ಅಂದ್ರು. ಗೊತ್ತಿಲ್ಲ ಅಂದ್ರು," ಎಂದಳು ವೆಂಕಟರತ್ನಮ್ಮ.

"ಗೊತ್ತಿಲ್ದಿದ್ದನ್ನ ಎಂಗಮ್ಮ ಮನೆಗೆ ತಕೊಂಡೋಗ್ಲಿ? ನೂಲಿನಂಗೆ ಸೀರೆ, ತಾಯಿನಂಗೆ ಮಗಳು ಅಂತ ದೊಡ್ಡೋರು ಸುಮ್ನೆ ಏಳಿಲ್ಲ. ನಂಗಿರೋನು ಒಬ್ಬನೇ." ಶಾಂತಮ್ಮನ ಕಣ್ಣಲ್ಲೂ ನೀರಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ, ಅವಳೂ ಒಬ್ಬ ಮಗನ ತಾಯಿಯೇ. ಗೆಜ್ಜೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗನ ಕೈಹಿಡಿದು, ಊಟಕ್ಕೂ ನಿಲ್ಲದೆ ಹೊರಟುಹೋದಳು. ಗಂಗರತ್ನಮ್ಮ ಮಗಳನ್ನು ತಡೆಯಲಿಲ್ಲ.

ಅಮರಾವತಿ ತನ್ನ ಕಾಲುಗಳನ್ನು ನೋಡಿಕೊಂಡಳು. ಗೆಜ್ಜೆ ಇದ್ದ ಕಡೆ ಚರ್ಮ ಒಂದು ಗೆರೆ ಬೆಳ್ಳಗಿತ್ತು.

"ಅಮ್ಮ, ಅತ್ತೆ ಯಾಕೆ ಬಿಚ್ಕೊಂಡ್ರು? ನಾನೇನು ತಪ್ಪು ಮಾಡ್ದೆ?"

ಯಾರ ತಪ್ಪೂ ಅಲ್ಲ ಎಂದಿದ್ದ ಡಾಕ್ಟರಮ್ಮನ ಮಾತು ವೆಂಕಟರತ್ನಮ್ಮನ ನಾಲಿಗೆಯವರೆಗೆ ಬಂತು. ಬಂದದ್ದು ಅಳುವಾಗಿ ಒಡೆಯಿತು. ಮಗಳನ್ನು ಅವುಚಿಕೊಂಡು, ಏನೂ ಮಾಡಿಲ್ಲ ಕಣವ್ವ, ನೀನು ಏನೂ ಮಾಡಿಲ್ಲ ಎಂದಳು. ಆಮೇಲೆ ತಮ್ಮನ ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಗಂಡ ಹೋದ ದಾರಿಯಲ್ಲಿ ಹೊರಟಳು. ಹಿಂದೆ ಗೆಜ್ಜೆಯ ಸದ್ದು ಇರಲಿಲ್ಲ. ಹುಡುಗಿ ಬರುತ್ತಿದ್ದಾಳೋ ಇಲ್ಲವೋ ಎಂದು ಏರಿಯುದ್ದಕ್ಕೂ ಅವಳು ತಿರುಗಿ ತಿರುಗಿ ನೋಡಬೇಕಾಯಿತು.